ವಿಕಿರಣಶೀಲ ಕ್ಷಯವನ್ನು ಕಣ್ಣಾರೆ ನೋಡಿ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಿರಣಶೀಲ ಕ್ಷಯ ಅಂದರೆ ಅಸ್ಥಿರ ಪರಮಾಣುವಿನ ನ್ಯೂಕ್ಲಿಯಸ್ (ನಡುವಿನ ತಿರುಳು) ತಾನಾಗಿಯೇ ವಿಕಿರಣ ಹೊರಹಾಕಿ ಬದಲಾಗುವುದು. ಇದರ ಬಗ್ಗೆ ಪಾಠ ಮಾಡುವವರು, ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮ, ಪರೀಕ್ಷೆಗೆ ಓದುತ್ತಿರುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದಿಂದ ಕಷ್ಟದ ಕಡೆಗೆ ಹೋಗುತ್ತವೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವವರಿಗೆ

ಕಣ್ಣಿಗೇ ಕಾಣದ ವಿಷಯ ಇದು. ಇದಕ್ಕೆ ಎಂಥ ಚಿತ್ರ ಹುಡುಕೋದು?

ಹುಡುಕುವ ಮುಂಚೆ ಒಂದು ನಿಮಿಷ ಯೋಚಿಸಿ: ನಿಮಗೆ ಯಾವ ಬಗೆಯ ಚಿತ್ರ ಬೇಕು? ಈ ವಿಷಯದಲ್ಲಿ ಮೂರು ಬಗೆ ಇವೆ. ಒಂದು, ವಿಕಿರಣ ತಾನೇ ಬಿಟ್ಟುಹೋದ ಗುರುತು. 1896ರಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನು ಕಪ್ಪು ಕಾಗದ ಸುತ್ತಿದ ಫೋಟೋ ಪ್ಲೇಟಿನ ಮೇಲೆ ಇಟ್ಟಿದ್ದರು. ಆ ಪ್ಲೇಟಿನ ಮೇಲೆ ಮೂಡಿದ ಮಸಿಯಂಥ ಕಲೆ ಈ ಬಗೆಯದು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಆ ಪ್ಲೇಟಿನ ಚಿತ್ರ ಸಿಗುತ್ತದೆ. ಅಂಚಿನಲ್ಲಿ ಅವರ ಕೈಬರಹವಿದೆ. ಕೆಳಗಿನ ಕಲೆಯಲ್ಲಿ, ನಡುವೆ ಇಟ್ಟಿದ್ದ ಲೋಹದ ಶಿಲುಬೆಯ ನೆರಳೂ ಮಸುಕಾಗಿ ಕಾಣುತ್ತದೆ. ನಾನು ಪಾಠವನ್ನು ಯಾವಾಗಲೂ ಈ ಚಿತ್ರದಿಂದಲೇ ಶುರು ಮಾಡುತ್ತೇನೆ.

ಎರಡನೆಯದು ಮಾದರಿ. ಚೆಂಡುಗಳಂತೆ ಬಿಡಿಸಿದ ನ್ಯೂಕ್ಲಿಯಸ್, ಸಿಮ್ಯುಲೇಶನ್, ಅನಿಮೇಶನ್ ಎಲ್ಲ ಇದಕ್ಕೆ ಸೇರುತ್ತವೆ. ಮೂರನೆಯದು ಲೆಕ್ಕದ ಚಿತ್ರ, ಅಂದರೆ ಗ್ರಾಫ್ ಮತ್ತು ನ್ಯೂಕ್ಲೈಡ್ ಚಾರ್ಟ್ (ಎಲ್ಲ ಬಗೆಯ ನ್ಯೂಕ್ಲಿಯಸ್‌ಗಳನ್ನು ಚೌಕಗಳಲ್ಲಿ ಜೋಡಿಸಿದ ಪಟ್ಟಿ). ಗುರುತು ನಂಬಿಕೆ ಹುಟ್ಟಿಸುತ್ತದೆ, ಮಾದರಿ ಅರ್ಥ ಮಾಡಿಸುತ್ತದೆ, ಲೆಕ್ಕದ ಚಿತ್ರ ಮುಂದಾಗುವುದನ್ನು ಹೇಳುತ್ತದೆ. ಮಾದರಿಯೊಂದನ್ನೇ ತೋರಿಸಿ ಬಿಟ್ಟರೆ ಇದೆಲ್ಲ ಕಾರ್ಟೂನು ಅಂತ ಮಕ್ಕಳಿಗೆ ಅನಿಸಿಬಿಡುತ್ತದೆ.

ಹುಡುಕಿದರೆ ಬರೀ ಹಳದಿ-ಕಪ್ಪು ಎಚ್ಚರಿಕೆ ಚಿಹ್ನೆ ಬರುತ್ತೆ, ಇಲ್ಲಾಂದ್ರೆ ಕಾಯಿಲೆ ವಿಷಯ ಬರುತ್ತೆ. ಏನು ಪದ ಹಾಕಬೇಕು?

ಕನ್ನಡದಲ್ಲಿ ಬರೀ ‘ಕ್ಷಯ’ ಅಂತ ಹಾಕಿದರೆ ಟಿಬಿ ಕಾಯಿಲೆಯ ಪುಟಗಳು ಬರುವುದು ಸಹಜ. ‘ವಿಕಿರಣಶೀಲ ಕ್ಷಯ’ ಅಂತ ಪೂರ್ತಿ ಬರೆಯಿರಿ. ‘ವಿಕಿರಣಪಟುತ್ವ’, ‘ಅರ್ಧಾಯು’ (ಹಾಫ್ ಲೈಫ್, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಬದಲಾಗಲು ಹಿಡಿಯುವ ಕಾಲ), ‘ಸಮಸ್ಥಾನಿ’ (ಐಸೋಟೋಪ್, ಅಂದರೆ ನ್ಯೂಟ್ರಾನ್ ಸಂಖ್ಯೆ ಬೇರೆಯಾದ ಅದೇ ಧಾತುವಿನ ರೂಪ) ಪದಗಳನ್ನೂ ಹಾಕಿ ನೋಡಿ. ಒಬ್ಬೊಬ್ಬರು ಒಂದೊಂದು ಪದ ಬಳಸುತ್ತಾರೆ.

ಚಿತ್ರಗಳು ಜಾಸ್ತಿ ಸಿಗುವುದು ಇಂಗ್ಲಿಷ್ ಪದ ಹಾಕಿದಾಗಲೇ. ಅಲ್ಲೂ ‘ರೇಡಿಯೋಆಕ್ಟಿವಿಟಿ’ ಅಂತ ಅಗಲವಾದ ಪದ ಹಾಕಿದರೆ ಎಚ್ಚರಿಕೆ ಚಿಹ್ನೆಗಳೇ ಸಾಲುಗಟ್ಟುತ್ತವೆ. ಕಿರಿದು ಮಾಡಿ. ‘ಹಾಫ್ ಲೈಫ್ ಸಿಮ್ಯುಲೇಶನ್’, ‘ಯುರೇನಿಯಂ ಡಿಕೇ ಚೈನ್ ಡಯಾಗ್ರಾಂ’, ‘ಕ್ಲೌಡ್ ಚೇಂಬರ್ ಆಲ್ಫಾ ಟ್ರ್ಯಾಕ್ಸ್’, ‘ಚಾರ್ಟ್ ಆಫ್ ನ್ಯೂಕ್ಲೈಡ್ಸ್’ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಐಸೋಟೋಪಿನ ಹೆಸರು ಸೇರಿಸಿದರೆ ಇನ್ನೂ ಒಳ್ಳೆಯದು. ‘ಕಾರ್ಬನ್-14’ ಅಂತ ಸೇರಿಸಿದ ಕೂಡಲೇ ಬರುವ ಚಿತ್ರಗಳ ಗುಣಮಟ್ಟವೇ ಬೇರೆ.

ಒಂದೇ ಒಂದು ಸಿಮ್ಯುಲೇಶನ್ ಹೇಳಿ ಅಂದ್ರೆ ಯಾವುದು ಹೇಳ್ತೀರಿ?

ಫೆಟ್. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ದುಡ್ಡು ಕೊಡಬೇಕಾಗಿಲ್ಲ. ಇದರಲ್ಲಿ ‘ಆಲ್ಫಾ ಡಿಕೇ’, ‘ಬೀಟಾ ಡಿಕೇ’, ‘ರೇಡಿಯೋಆಕ್ಟಿವ್ ಡೇಟಿಂಗ್ ಗೇಮ್’ ಹಳೆಯವು. ಅವನ್ನು ಜಾವಾದಲ್ಲಿ ಬರೆದಿದ್ದಾರೆ, ಹಾಗಾಗಿ ಮೊಬೈಲಿನಲ್ಲಿ ತೊಂದರೆ ಕೊಡಬಹುದು, ಕಂಪ್ಯೂಟರ್ ಇದ್ದರೆ ಒಳ್ಳೆಯದು. ‘ಬಿಲ್ಡ್ ಎ ನ್ಯೂಕ್ಲಿಯಸ್’ ಹೊಸದು, ಬ್ರೌಸರಿನಲ್ಲೇ ಓಡುತ್ತದೆ.

ಆಲ್ಫಾ ಅಂದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಕಣ; ಬೀಟಾ ಅಂದರೆ ನ್ಯೂಕ್ಲಿಯಸ್ಸಿನಿಂದ ಹೊರಬರುವ ಎಲೆಕ್ಟ್ರಾನ್. ಆಲ್ಫಾ ಡಿಕೇಯಲ್ಲಿ ನನಗೆ ಇಷ್ಟವಾಗುವುದು ಅದರ ಎರಡು ಪರದೆಗಳು. ಒಂದರಲ್ಲಿ ಒಂದೇ ಪರಮಾಣು, ಇನ್ನೊಂದರಲ್ಲಿ ಬಹಳಷ್ಟು. ಒಂದೇ ಪರಮಾಣುವಿನ ಪರದೆಯಲ್ಲಿ ಪೊಲೋನಿಯಂ-211 ಇಟ್ಟುಕೊಂಡು ಸುಮ್ನೆ ಕಾಯಿರಿ. ಇದರ ಅರ್ಧಾಯು ಸುಮಾರು ಅರ್ಧ ಸೆಕೆಂಡು. ಒಂದು ಸಲ ತಕ್ಷಣ ಒಡೆಯುತ್ತದೆ. ಇನ್ನೊಂದು ಸಲ ಬಹಳ ಹೊತ್ತು ಏನೂ ಆಗುವುದಿಲ್ಲ. ‘ಈಗ ಯಾವಾಗ?’ ಅಂತ ಮಕ್ಕಳನ್ನು ಕೇಳಿ ಬೆಟ್ ಕಟ್ಟಿಸಿ. ಯಾರೂ ಗೆಲ್ಲುವುದಿಲ್ಲ. ಆಮೇಲೆ ಎರಡನೇ ಪರದೆಗೆ ಹೋಗಿ ನೂರು ಪರಮಾಣು ಹಾಕಿ. ಈಗ ಎಲ್ಲರ ಊಹೆಯೂ ಹತ್ತಿರ ಹತ್ತಿರ ಬರುತ್ತದೆ. ಒಂದರ ಬಗ್ಗೆ ಏನೂ ಹೇಳಲಾಗುವುದಿಲ್ಲ, ಗುಂಪಿನ ಬಗ್ಗೆ ನಿಖರವಾಗಿ ಹೇಳಬಹುದು. ಇಡೀ ಪಾಠದ ತಿರುಳು ಅಲ್ಲಿದೆ. ಈ ಎರಡನ್ನೂ ತೋರಿಸದ ಅನಿಮೇಶನ್ ಎಷ್ಟೇ ಚೆಂದ ಇದ್ದರೂ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ.

ನಮ್ಮಲ್ಲಿ ಇಂಟರ್‌ನೆಟ್ಟೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಏನು ಮಾಡಲಿ?

ನೂರು ನಾಣ್ಯ ತಗೊಳ್ಳಿ. ನಾಣ್ಯ ಇಲ್ಲದಿದ್ದರೆ ಒಂದು ಬದಿಗೆ ಬಣ್ಣ ಹಚ್ಚಿದ ರಟ್ಟಿನ ಚೂರುಗಳಾದರೂ ಸರಿ. ಡಬ್ಬಿಯಲ್ಲಿ ಹಾಕಿ ಕುಲುಕಿ ನೆಲದ ಮೇಲೆ ಸುರಿಯಿರಿ. ತಲೆ ಮೇಲಾಗಿ ಬಿದ್ದವೆಲ್ಲ ‘ಒಡೆದವು’ ಅಂತ ಲೆಕ್ಕ. ಅವನ್ನು ತೆಗೆದು ಒಂದರ ಮೇಲೊಂದು ಗೋಪುರ ಮಾಡಿ ನಿಲ್ಲಿಸಿ. ಉಳಿದವನ್ನು ಮತ್ತೆ ಕುಲುಕಿ ಸುರಿಯಿರಿ. ಎರಡನೇ ಗೋಪುರವನ್ನು ಮೊದಲನೆಯದರ ಪಕ್ಕ ನಿಲ್ಲಿಸಿ. ಐದಾರು ಸುತ್ತಿನಲ್ಲಿ ಇಳಿಯುತ್ತಾ ಹೋಗುವ ಗೋಪುರಗಳ ಸಾಲು ಕಣ್ಣೆದುರು ನಿಂತಿರುತ್ತದೆ. ಅದೇ ಕ್ಷಯದ ಗ್ರಾಫ್. ಬೋರ್ಡಿನ ಮೇಲೆ ಬಿಡಿಸಿದ್ದಲ್ಲ, ಮಕ್ಕಳ ಕೈಯಿಂದಲೇ ಎದ್ದು ನಿಂತದ್ದು.

ನೂರು ನಾಣ್ಯದಲ್ಲಿ ಮೊದಲ ಸುತ್ತಿಗೆ ಸರಿಯಾಗಿ 50 ಬರದೆ 46 ಬಂತು, 55 ಬಂತು ಅಂತ ಗಾಬರಿ ಬೇಡ. ಐದಾರು ಆಚೆ ಈಚೆ ಆಗುವುದೇ ಸರಿ. ಗುಂಪು ದೊಡ್ಡದಾದಷ್ಟೂ ಈ ಏರುಪೇರಿನ ಪಾಲು ಕಮ್ಮಿಯಾಗುತ್ತದೆ. ಹತ್ತು ಗುಂಪುಗಳ ಲೆಕ್ಕ ಕೂಡಿಸಿ ಸಾವಿರ ಮಾಡಿ ನೋಡಿ, ಗೆರೆ ಎಷ್ಟು ನಯವಾಗುತ್ತದೆ ಅಂತ ಗೊತ್ತಾಗುತ್ತದೆ.

ದಾಳ ಸಿಕ್ಕರೆ ಇನ್ನೂ ಚೆನ್ನಾಗಿರುತ್ತದೆ. ಆರು ಬಿದ್ದವನ್ನು ಮಾತ್ರ ತೆಗೆಯಿರಿ. ಆಗ ಅರ್ಧಾಯು ಸುಮಾರು 3.8 ಎಸೆತ. ನಾಣ್ಯ ಮತ್ತು ದಾಳ ಎರಡನ್ನೂ ಮಾಡಿಸಿದರೆ ಬೇರೆ ಬೇರೆ ಧಾತುವಿಗೆ ಬೇರೆ ಬೇರೆ ಅರ್ಧಾಯು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಅರ್ಧ ಆಯುಸ್ಸು ಅಂದ್ರೆ ಪೂರ್ತಿ ಆಯುಸ್ಸು ಅದರ ಎರಡರಷ್ಟಾ?

ಅಲ್ಲ. ಈ ಗೊಂದಲ ಪದದಿಂದಲೇ ಹುಟ್ಟಿದ್ದು, ಕೇಳಿದವರ ತಪ್ಪಲ್ಲ. ಅಯೋಡಿನ್-131ರ ಅರ್ಧಾಯು 8 ದಿನ. 8 ದಿನಕ್ಕೆ ಅರ್ಧ ಉಳಿಯುತ್ತದೆ. 16 ದಿನಕ್ಕೆ ಸೊನ್ನೆಯಲ್ಲ, ಕಾಲು ಭಾಗ. 24 ದಿನಕ್ಕೆ ಅರೆಕಾಲು. ಪರಮಾಣುವಿಗೆ ವಯಸ್ಸು ಅನ್ನುವುದೇ ಇಲ್ಲ. ಹತ್ತು ಸಲ ಆರು ಬೀಳದ ದಾಳಕ್ಕೆ ಹನ್ನೊಂದನೇ ಸಲ ಆರು ಬೀಳುವ ಸಾಧ್ಯತೆ ಹೆಚ್ಚೇನೂ ಆಗುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಒಂದು ಚೌಕವನ್ನು ಅರ್ಧ, ಅದರಲ್ಲಿ ಅರ್ಧ, ಮತ್ತೆ ಅರ್ಧ ಅಂತ ಬಣ್ಣ ಹಚ್ಚಿ ತೋರಿಸುವ ಸಾದಾ ಚಿತ್ರ ಈ ಪ್ರಶ್ನೆಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು.

ಅರ್ಧಾಯು ಚಿತ್ರಗಳಲ್ಲಿ ಚುಕ್ಕಿಗಳು ಖಾಲಿಯಾಗ್ತಾ ಹೋಗ್ತವೆ. ಪರಮಾಣುಗಳು ಮಾಯವಾಗ್ತವಾ?

ಮಾಯವಾಗುವುದಿಲ್ಲ, ಬದಲಾಗುತ್ತವೆ. ಕಾರ್ಬನ್-14 ಹೋಗಿ ನೈಟ್ರೋಜನ್-14 ಆಗುತ್ತದೆ. ಹಾಗಾಗಿ ಚುಕ್ಕಿ ಅಳಿಸಿಹೋಗುವ ಚಿತ್ರ ಬಿಟ್ಟು, ಚುಕ್ಕಿಯ ಬಣ್ಣ ಬದಲಾಗುವ ಚಿತ್ರ ಆರಿಸಿ. ಒಟ್ಟು ಚುಕ್ಕಿಗಳ ಸಂಖ್ಯೆ ಕೊನೆಯವರೆಗೂ ಅಷ್ಟೇ ಇರಬೇಕು.

## ಸ್ವಲ್ಪ ಗೊತ್ತಿರುವವರಿಗೆ

ಬರೀ ಬಿಡಿಸಿದ ಚಿತ್ರ ಬೇಡ. ನಿಜವಾದ ವಿಕಿರಣ ಕಾಣಿಸೋ ವಿಡಿಯೋ ಇದೆಯಾ?

ಇದೆ. ‘ಕ್ಲೌಡ್ ಚೇಂಬರ್’ ಅಂತ ಹುಡುಕಿ. ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ ರೂಪಿಸಿದ ಸಾಧನ ಇದು. 1911ರಲ್ಲಿ ಅವರು ಕಣಗಳ ಜಾಡನ್ನು ಫೋಟೋ ತೆಗೆದರು. 1927ರಲ್ಲಿ ನೊಬೆಲ್ ಬಂತು. ಪೆಟ್ಟಿಗೆಯಲ್ಲಿ ಆಲ್ಕೋಹಾಲಿನ ಆವಿ ತುಂಬಿರುತ್ತದೆ, ತಳ ತುಂಬಾ ತಣ್ಣಗಿರುತ್ತದೆ. ತಳದ ಹತ್ತಿರದ ಆವಿ ಹನಿಯಾಗಲು ಒಂದು ನೆಪ ಕಾಯುತ್ತಿರುತ್ತದೆ. ವಿದ್ಯುದಂಶ ಹೊತ್ತ ಕಣ ಹಾದುಹೋದರೆ ದಾರಿಯುದ್ದಕ್ಕೂ ಅಯಾನುಗಳನ್ನು (ವಿದ್ಯುದಂಶ ಪಡೆದ ಪರಮಾಣು, ಅಣುಗಳನ್ನು) ಬಿಟ್ಟುಹೋಗುತ್ತದೆ. ಅವುಗಳ ಸುತ್ತ ಮಂಜು ಕಟ್ಟುತ್ತದೆ. ನಮಗೆ ಕಾಣುವುದು ಕಣವಲ್ಲ, ಅದು ಹೋದ ದಾರಿ. ಎತ್ತರದಲ್ಲಿ ಹಾರಿದ ವಿಮಾನದ ಹಿಂದೆ ಬಿಳಿ ಗೆರೆ ಉಳಿಯುತ್ತದಲ್ಲ, ಹಾಗೆ.

ನೋಡುವಾಗ ಗೆರೆಗಳನ್ನು ಬೇರೆ ಮಾಡಿ ನೋಡಿ. ದಪ್ಪಗೆ, ನೇರವಾಗಿ, ಕೆಲವೇ ಸೆಂಟಿಮೀಟರ್ ಉದ್ದ ಇದ್ದರೆ ಆಲ್ಫಾ. ಎಳೆ ನೂಲಿನಂತೆ ತೆಳ್ಳಗೆ, ಅಂಕುಡೊಂಕಾಗಿ ಅಲೆದರೆ ಎಲೆಕ್ಟ್ರಾನ್. ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ತೆಳ್ಳಗೆ ನೇರವಾಗಿ ಹೋದರೆ ಬಹುಮಟ್ಟಿಗೆ ಆಕಾಶದಿಂದ ಇಳಿದ ಮ್ಯೂವಾನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ). ಮೂರನೇ ಬಗೆಯ ವಿಕಿರಣವಾದ ಗಾಮಾ ಕಿರಣಕ್ಕೆ ವಿದ್ಯುದಂಶ ಇಲ್ಲ, ಅದು ತಾನೇ ಗೆರೆ ಬಿಡುವುದಿಲ್ಲ. ಅದು ಹೊಡೆದು ಹೊರಹಾಕಿದ ಎಲೆಕ್ಟ್ರಾನ್ ಮಾತ್ರ ಕಾಣುತ್ತದೆ.

ಇನ್ನೊಂದು ವಿಡಿಯೋ ತಪ್ಪದೆ ನೋಡಿ. ಪೆಟ್ಟಿಗೆಯೊಳಗೆ ರೇಡಾನ್-220 ಅನಿಲ ಬಿಟ್ಟದ್ದು. ಒಂದೇ ಬಿಂದುವಿನಿಂದ ಎರಡು ದಪ್ಪ ಗೆರೆಗಳು ಹೊರಟು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತವೆ. ರೇಡಾನ್ ಒಡೆದು ಒಂದು ಆಲ್ಫಾ ಬಿಟ್ಟಿತು. ಉಳಿದ ಪೊಲೋನಿಯಂ-216ರ ಅರ್ಧಾಯು ಒಂದು ಸೆಕೆಂಡಿನ ಏಳನೇ ಒಂದು ಭಾಗದಷ್ಟೇ. ಹಾಗಾಗಿ ಅದೂ ಅಲ್ಲೇ ಒಡೆದು ಎರಡನೇ ಆಲ್ಫಾ ಬಿಟ್ಟಿತು. ಮೊದಲ ಗೆರೆಯ ಮಂಜು ಇನ್ನೂ ಕರಗಿರುವುದಿಲ್ಲ, ಅಷ್ಟರಲ್ಲಿ ಎರಡನೆಯದು. ಒಂದು ಪರಮಾಣು ಎರಡು ಸಲ ಬದಲಾಗಿದ್ದನ್ನು ಬರಿಗಣ್ಣಲ್ಲಿ ನೋಡಿದ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ವಿಡಿಯೋದ ವೇಗ ಕಾಲು ಭಾಗಕ್ಕೆ ಇಳಿಸಿ ತೋರಿಸಿ.

ಕ್ಲೌಡ್ ಚೇಂಬರ್ ನಾವೇ ಮಾಡಬಹುದಾ? ವಿಕಿರಣದ ವಸ್ತು ಎಲ್ಲಿಂದ ತರೋದು?

ಮಾಡಬಹುದು, ವಿಕಿರಣದ ವಸ್ತು ಬೇಕಾಗಿಯೇ ಇಲ್ಲ. ಆಕಾಶದಿಂದ ಮ್ಯೂವಾನ್‌ಗಳು ಸುರಿಯುತ್ತಲೇ ಇವೆ. ಗಾಳಿಯಲ್ಲಿ ಸ್ವಲ್ಪ ರೇಡಾನ್ ಯಾವಾಗಲೂ ಇರುತ್ತದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್ ಶಾಲೆಗಳಿಗೆಂದೇ ಚಿತ್ರಸಹಿತ ಕೈಪಿಡಿ ಕೊಟ್ಟಿದೆ, ಅದನ್ನು ಅನುಸರಿಸಿ. ಬೇಕಾಗುವುದು ಪಾರದರ್ಶಕ ಪೆಟ್ಟಿಗೆ, ಕಪ್ಪು ಲೋಹದ ತಟ್ಟೆ, ಮೇಲ್ಭಾಗಕ್ಕೆ ಅಂಟಿಸಲು ಫೆಲ್ಟ್ ಬಟ್ಟೆ, ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್, ಡ್ರೈ ಐಸ್, ಒಂದು ಟಾರ್ಚ್. ನೀರು ಬೆರೆತ ಆಲ್ಕೋಹಾಲಿನಲ್ಲಿ ಸರಿಯಾಗಿ ಬರುವುದಿಲ್ಲ.

ಜಾಸ್ತಿ ಜನ ಎಡವುವುದು ಬೆಳಕಿನಲ್ಲಿ. ಟಾರ್ಚನ್ನು ಮೇಲಿಂದ ಹಿಡಿಯುತ್ತಾರೆ, ಏನೂ ಕಾಣುವುದಿಲ್ಲ. ಪಕ್ಕದಿಂದ, ತಟ್ಟೆಗೆ ಸಮಾನಾಂತರವಾಗಿ ಹಿಡಿಯಿರಿ. ಕೋಣೆ ಕತ್ತಲೆಯಾಗಿರಲಿ. ಮೊದಲ ಹತ್ತು ನಿಮಿಷ ಸಣ್ಣ ಮಳೆಯ ಹಾಗೆ ಹನಿ ಉದುರುವುದಷ್ಟೇ ಕಾಣುತ್ತದೆ. ತಾಳ್ಮೆ ಇರಲಿ.

ಎಚ್ಚರಿಕೆ ಇರಬೇಕಾದ್ದು ಬೇರೆ ಕಡೆ. ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ದಪ್ಪ ಕೈಗವಸು ಹಾಕಿ, ಗಾಳಿಯಾಡುವ ಕಡೆ ಮಾಡಿ, ಅದನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಇಡಲೇಬೇಡಿ. ಆಲ್ಕೋಹಾಲಿನ ಹತ್ತಿರ ಬೆಂಕಿ ಬೇಡ. ಮಕ್ಕಳೊಂದಿಗೆ ದೊಡ್ಡವರು ಇರಲೇಬೇಕು.

ಆಲ್ಫಾಗೆ ಕಾಗದ, ಬೀಟಾಗೆ ಅಲ್ಯೂಮಿನಿಯಂ, ಗಾಮಾಗೆ ಸೀಸ. ಎಲ್ಲ ಪುಸ್ತಕದಲ್ಲೂ ಇರೋ ಈ ಚಿತ್ರ ಸರಿನಾ?

ಮೊದಲೆರಡು ಸರಿ. ಮೂರನೆಯದು ದಾರಿ ತಪ್ಪಿಸುತ್ತದೆ. ಗಾಮಾ ಬಾಣ ಸೀಸದ ಗೋಡೆಗೆ ಬಡಿದು ನಿಂತುಬಿಟ್ಟ ಹಾಗೆ ಬಿಡಿಸಿರುತ್ತಾರೆ. ನಿಜದಲ್ಲಿ ಗಾಮಾ ಪೂರ್ತಿ ನಿಲ್ಲುವ ದಪ್ಪ ಅಂತ ಒಂದಿಲ್ಲ, ಅದು ಕಮ್ಮಿಯಾಗುತ್ತಾ ಹೋಗುತ್ತದೆ. ಕೋಬಾಲ್ಟ್-60ರ ಗಾಮಾ ಸುಮಾರು 12 ಮಿಲಿಮೀಟರ್ ಸೀಸ ದಾಟುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು 12ಕ್ಕೆ ಕಾಲು. ಸೀಸದೊಳಗೆ ಬಾಣ ತೆಳ್ಳಗಾಗುತ್ತಾ ಹೋಗುವ ಚಿತ್ರ ಸಿಕ್ಕರೆ ಅದನ್ನು ಇಟ್ಟುಕೊಳ್ಳಿ. ಸಿಗದಿದ್ದರೆ ಇರುವ ಚಿತ್ರಕ್ಕೆ ಪೆನ್ನಿನಲ್ಲಿ ಒಂದು ಸಣ್ಣ ಬಾಣ ಸೇರಿಸಿ, ಸಾಕು.

ವಿಕಿರಣ ಇರೋ ವಸ್ತು ಹಸಿರಾಗಿ ಹೊಳೆಯುತ್ತಾ?

ಬಹುಪಾಲು ವಸ್ತುಗಳು ಹೊಳೆಯುವುದೇ ಇಲ್ಲ. ಹಿಂದೆ ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅದರಲ್ಲಿ ಹಸಿರಾಗಿ ಹೊಳೆಯುತ್ತಿದ್ದದ್ದು ಜೊತೆಗೆ ಬೆರೆಸಿದ್ದ ಜಿಂಕ್ ಸಲ್ಫೈಡ್. ಹಸಿರು ಹೊಗೆ ಬರುವ ಪೀಪಾಯಿಯ ಚಿತ್ರಗಳನ್ನು ಪಾಠಕ್ಕೆ ಬಳಸಬೇಡಿ.

ಅನಿಮೇಶನ್ ಸರಿಯಾಗಿದೆಯೋ ಇಲ್ಲವೋ ಬೇಗ ಕಂಡುಹಿಡಿಯೋದು ಹೇಗೆ?

ನಾನು ಮೊದಲು ನೋಡುವುದು ಒಡೆಯುವ ಮುಂಚಿನ ಕ್ಷಣವನ್ನು. ನ್ಯೂಕ್ಲಿಯಸ್ ಹೆಚ್ಚು ಹೆಚ್ಚು ನಡುಗಿ, ಕೆಂಪಾಗಿ, ಉಬ್ಬಿ ಆಮೇಲೆ ಸಿಡಿದರೆ ಆ ಅನಿಮೇಶನ್ ಬೇಡ. ಪರಮಾಣು ಹಳೆಯದಾಗಿ, ಸುಸ್ತಾಗಿ ಒಡೆಯುತ್ತದೆ ಅನ್ನುವ ತಪ್ಪು ಕಲ್ಪನೆಯನ್ನು ಅದು ತಲೆಯಲ್ಲಿ ಬಿತ್ತುತ್ತದೆ. ಕಿತ್ತುಹಾಕಲು ಬಹಳ ಕಷ್ಟ.

ಆಮೇಲೆ ಎಣಿಸಿ. ಎಡಗಡೆಯ ಪ್ರೋಟಾನ್, ನ್ಯೂಟ್ರಾನ್‌ಗಳ ಮೊತ್ತ ಬಲಗಡೆಗೆ ಹೊಂದಬೇಕು. ಯುರೇನಿಯಂ-238 ಆಲ್ಫಾ ಬಿಟ್ಟರೆ ಥೋರಿಯಂ-234 ಆಗಬೇಕು, ಬೇರೇನೂ ಅಲ್ಲ. ಎಐ ಬಿಡಿಸಿದ ಚಿತ್ರಗಳಲ್ಲಿ ಈ ಲೆಕ್ಕ ತಪ್ಪಿರುವ ಸಾಧ್ಯತೆ ಜಾಸ್ತಿ. ಅಂಥವನ್ನು ಎಣಿಸದೆ ಬಳಸಬೇಡಿ. ಕೊನೆಗೆ ಬೀಟಾ ಕ್ಷಯದ ಚಿತ್ರ ನೋಡಿ. ನ್ಯೂಟ್ರಾನ್ ಬದಲಾಗಿ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೋ (ವಿದ್ಯುದಂಶವಿಲ್ಲದ ತೀರಾ ಹಗುರ ಕಣ) ಆಗಬೇಕು. ಚಿಕ್ಕ ತರಗತಿಗೆ ಆಂಟಿನ್ಯೂಟ್ರಿನೋ ಬಿಟ್ಟಿದ್ದರೆ ಪರವಾಗಿಲ್ಲ. ಎಲೆಕ್ಟ್ರಾನ್ ಮೊದಲೇ ನ್ಯೂಕ್ಲಿಯಸ್ಸಿನೊಳಗೆ ಕೂತಿದ್ದ ಹಾಗೆ ಬಿಡಿಸಿದ್ದರೆ ಮಾತ್ರ ಅದನ್ನು ಬಿಟ್ಟುಬಿಡಿ.

ಸರಿಯಾಗಿ ಕಣ್ಣು ಕಾಣದ ಮಕ್ಕಳಿಗೆ ಏನು ಮಾಡೋದು?

ವಿಕಿರಣ ತಾಕಿದಾಗ ಸದ್ದು ಮಾಡುವ ಗೈಗರ್ ಕೌಂಟರಿನ ಟಿಕ್ ಟಿಕ್ ಕೇಳಿಸಿ. ಒಂದೇ ತಾಳದಲ್ಲಿ ಬಾರದ ಆ ಸದ್ದು ‘ಯಾವಾಗ ಅಂತ ಹೇಳಲಾಗದು’ ಅನ್ನುವುದನ್ನು ಚಿತ್ರಕ್ಕಿಂತ ಚೆನ್ನಾಗಿ ಹೇಳುತ್ತದೆ. ನಾಣ್ಯದ ಗೋಪುರಗಳನ್ನು ಬೆರಳಿನಿಂದ ತಡವಿದರೆ ಗ್ರಾಫ್ ಕೈಗೇ ಸಿಗುತ್ತದೆ. ಕೆಂಪು-ಹಸಿರು ಬೇರೆ ಮಾಡಲಾಗದವರಿಗೆ ನೀಲಿ-ಕಿತ್ತಳೆ ಜೋಡಿ ಅಥವಾ ಬೇರೆ ಬೇರೆ ಆಕಾರ ಬಳಸಿ.

ಸಿಕ್ಕ ಚಿತ್ರಗಳನ್ನು ನನ್ನ ನೋಟ್ಸಿನಲ್ಲಿ ಹಾಕಿಕೊಳ್ಳಬಹುದಾ?

ಚಿತ್ರದ ಕೆಳಗಿನ ಪರವಾನಗಿ ಓದಿ. ವಿಕಿಮೀಡಿಯಾ ಕಾಮನ್ಸ್‌ನ ಚಿತ್ರಗಳನ್ನು ಮತ್ತೆ ಬಳಸಬಹುದು. ಬಹಳಷ್ಟಕ್ಕೆ ಬಿಡಿಸಿದವರ ಹೆಸರು ಹಾಕಬೇಕು, ಕೆಲವಕ್ಕೆ ನಿಮ್ಮ ಬದಲಾವಣೆಯನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಹುಡುಕಾಟದಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಯಾವ ಚಿತ್ರವೂ ನಮ್ಮದಾಗುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಯುರೇನಿಯಂ ಸರಣಿಯ ಚಿತ್ರ ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಿಂದ ಓದಬೇಕು?

ಬಾಣಗಳ ದಿಕ್ಕಿನಿಂದ. ಒಂದು ಬದಲಾಗಿ ಇನ್ನೊಂದಾಗಿ, ಅದೂ ಮತ್ತೆ ಬದಲಾಗುತ್ತಾ ಹೋಗುವ ಸಾಲೇ ಸರಣಿ. ಯುರೇನಿಯಂ-238ರಿಂದ ಸೀಸ-206ರವರೆಗೆ ಮುಖ್ಯ ದಾರಿಯಲ್ಲಿ 14 ಹೆಜ್ಜೆ: 8 ಆಲ್ಫಾ, 6 ಬೀಟಾ. ಉದ್ದ ಬಾಣವೆಲ್ಲ ಆಲ್ಫಾ, ಚಿಕ್ಕದೆಲ್ಲ ಬೀಟಾ ಅಂತ ಗುರುತಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಈ ಚಿತ್ರಗಳು ಮುಚ್ಚಿಡುವ ವಿಷಯ ಒಂದಿದೆ. ಎಲ್ಲ ಮನೆಗಳೂ ಒಂದೇ ಅಳತೆಯವು. ಆದರೆ ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ರೇಡಿಯಂ-226ರದು 1600 ವರ್ಷ, ರೇಡಾನ್-222ರದು 3.8 ದಿನ. ಪೊಲೋನಿಯಂ-214ರದು ಒಂದು ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಎರಡು ಭಾಗಕ್ಕಿಂತಲೂ ಕಮ್ಮಿ. ಚಿತ್ರದ ಪ್ರಿಂಟ್ ತೆಗೆದು ನೀವೇ ಬಣ್ಣ ಹಚ್ಚಿ: ಕೋಟಿ ವರ್ಷಗಳಿಗೆ ಒಂದು ಬಣ್ಣ, ಸಾವಿರ ವರ್ಷಗಳಿಗೆ ಒಂದು, ದಿನಗಳಿಗೆ ಒಂದು, ನಿಮಿಷಕ್ಕೆ ಒಂದು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದಕ್ಕೆ ಒಂದು. ರೇಡಾನ್ ಯಾಕೆ ಗಾಳಿಗೆ ಬರುವಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಆ ಬಣ್ಣಗಳಲ್ಲೇ ಕಾಣುತ್ತದೆ.

ನ್ಯೂಕ್ಲೈಡ್ ಚಾರ್ಟ್ ಎಲ್ಲಿ ಸಿಗುತ್ತೆ? ಅದನ್ನು ನೋಡೋದು ಹೇಗೆ?

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ‘ಲೈವ್ ಚಾರ್ಟ್’, ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ‘ನುಡ್ಯಾಟ್’ ಎರಡೂ ಉಚಿತ, ಎರಡನ್ನೂ ಸಂಶೋಧಕರೇ ಬಳಸುತ್ತಾರೆ. ಅಡ್ಡಕ್ಕೆ ನ್ಯೂಟ್ರಾನ್, ಉದ್ದಕ್ಕೆ ಪ್ರೋಟಾನ್. ಒಂದೊಂದು ಚೌಕವೂ ಒಂದೊಂದು ನ್ಯೂಕ್ಲಿಯಸ್. ಸ್ಥಿರವಾದವು ಕಪ್ಪು ಚೌಕಗಳು. ಅವು ಮೊದಲು ನೇರ ಓರೆಯಾಗಿ ಹತ್ತಿ, ಆಮೇಲೆ ನ್ಯೂಟ್ರಾನ್ ಕಡೆಗೆ ಬಾಗುತ್ತವೆ.

ಚೆಸ್ ಕಾಯಿ ನಡೆಸಿದ ಹಾಗೆ ನಡೆಸಿ. ಆಲ್ಫಾ ಅಂದರೆ ಎರಡು ಮನೆ ಎಡಕ್ಕೆ, ಎರಡು ಕೆಳಕ್ಕೆ. ಬೀಟಾ ಮೈನಸ್ ಅಂದರೆ ಒಂದು ಎಡಕ್ಕೆ, ಒಂದು ಮೇಲಕ್ಕೆ. ಯುರೇನಿಯಂ-238ರ ಮೇಲೆ ಬೆರಳಿಟ್ಟು ಒಂದು ಆಲ್ಫಾ, ಎರಡು ಬೀಟಾ ನಡೆಸಿ. ಮತ್ತೆ ಯುರೇನಿಯಂ ಸಾಲಿಗೇ ಬರುತ್ತೀರಿ, ಆದರೆ ಈಗ ಅದು ಯುರೇನಿಯಂ-234. ಇಷ್ಟು ಮಾಡಿದ ಮೇಲೆ ಸರಣಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಆಲ್ಫಾ ಕಣ ಗೋಡೆ ತೂರಿ ಬರುತ್ತೆ ಅಂತಾರಲ್ಲ, ಅದಕ್ಕೆ ಒಳ್ಳೆ ಚಿತ್ರ ಯಾವುದು?

ಇಲ್ಲಿ ಗೋಡೆ ಅಂದರೆ ಕಣವನ್ನು ನ್ಯೂಕ್ಲಿಯಸ್ಸಿನೊಳಗೆ ಹಿಡಿದಿಡುವ ಶಕ್ತಿಯ ತಡೆ. ‘ಕ್ವಾಂಟಮ್ ಟನೆಲಿಂಗ್’ ಅಂತ ಹುಡುಕಿ, ತಡೆಗೋಡೆಯ ಮೇಲೆ ಅಲೆ ಬಿಡಿಸಿರುವ ಚಿತ್ರ ಆರಿಸಿ. ಗೋಡೆಯೊಳಗೆ ಅಲೆಯ ಎತ್ತರ ಇಳಿಯುತ್ತಾ ಹೋಗಬೇಕು, ಆಚೆ ಕಡೆ ಸಣ್ಣ ಅಲೆಯಾಗಿ ಹೊರಬರಬೇಕು. ಚೆಂಡು ಗೋಡೆಯಲ್ಲಿ ತೂತು ಕೊರೆಯುವ ಚಿತ್ರ ಬೇಡ. 1928ರಲ್ಲಿ ಭೌತವಿಜ್ಞಾನಿಗಳಾದ ಗ್ಯಾಮೋವ್ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ ಇದನ್ನು ವಿವರಿಸಿದರು.

ಇದರ ಜೊತೆಗೆ ಗೈಗರ್-ನಟಾಲ್ ಗ್ರಾಫ್ (ಆಲ್ಫಾ ಶಕ್ತಿಗೂ ಅರ್ಧಾಯುವಿಗೂ ಇರುವ ನಂಟು ತೋರಿಸುವುದು) ಇಟ್ಟು ನೋಡಿ. ಥೋರಿಯಂ-232ರ ಆಲ್ಫಾ ಶಕ್ತಿ ಸುಮಾರು 4 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ), ಅರ್ಧಾಯು 1400 ಕೋಟಿ ವರ್ಷ. ಪೊಲೋನಿಯಂ-212ರದು ಸುಮಾರು 8.8 ಎಂಇವಿ, ಅರ್ಧಾಯು ಒಂದು ಸೆಕೆಂಡಿನ ಕೋಟಿ ಭಾಗದಲ್ಲಿ ಮೂರು ಭಾಗ. ಶಕ್ತಿ ಎರಡರಷ್ಟಕ್ಕಿಂತ ತುಸು ಹೆಚ್ಚು, ಅರ್ಧಾಯುವಿನ ವ್ಯತ್ಯಾಸ ಮಾತ್ರ ಒಂದರ ಮುಂದೆ 24 ಸೊನ್ನೆಯಷ್ಟು. ಶಕ್ತಿ ಹೆಚ್ಚಿ ಗೋಡೆ ಸ್ವಲ್ಪ ತೆಳ್ಳಗಾದರೂ ದಾಟುವ ಸಾಧ್ಯತೆ ಎಷ್ಟು ಏರುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಗ್ರಾಫ್ ನಾನು ನೋಡಿಲ್ಲ.

ನಾನೇ ಒಂದು ಸಿಮ್ಯುಲೇಶನ್ ಬರೆಯಬೇಕು. ಎಲ್ಲಿಂದ ಶುರು?

ಪೈಥಾನ್ ಅಥವಾ ಸ್ಕ್ರ್ಯಾಚ್ ಯಾವುದಾದರೂ ಸರಿ. 50ಕ್ಕೆ 50ರ ಚೌಕಗಳ ಹಾಸು ಮಾಡಿ, 2500 ಪರಮಾಣು ಆಯಿತು. ಪ್ರತಿ ಹೆಜ್ಜೆಗೂ ಪ್ರತಿ ಪರಮಾಣುವಿಗೆ 0ಯಿಂದ 1ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ. 0.01ಕ್ಕಿಂತ ಕಮ್ಮಿ ಬಂದರೆ ಅದರ ಬಣ್ಣ ಬದಲಿಸಿ. ಉಳಿದವನ್ನು ಎಣಿಸಿ ಪಕ್ಕದಲ್ಲಿ ಗ್ರಾಫ್ ಬಿಡಿಸಿ. ಅರ್ಧಾಯು 69 ಹೆಜ್ಜೆಯ ಆಸುಪಾಸು ಬರಬೇಕು. ಉದ್ದದ ಅಕ್ಷವನ್ನು ಲಾಗ್ ಅಳತೆಗೆ (1, 10, 100 ಅಂತ ಹತ್ತರಷ್ಟು ಏರುವ ಅಳತೆಗೆ) ಬದಲಿಸಿದರೆ ಬಾಗಿದ ಗೆರೆ ನೇರವಾಗುತ್ತದೆ, ಕೊನೆಗೆ ಕೆಲವೇ ಪರಮಾಣು ಉಳಿದಾಗ ಮಾತ್ರ ಅಲ್ಲಾಡುತ್ತದೆ.

ಆಮೇಲೆ ಇದನ್ನು ಮಾಡಿ ನೋಡಿ. 138ನೇ ಹೆಜ್ಜೆಯಲ್ಲಿ ನಿಲ್ಲಿಸಿ. ಸುಮಾರು 625 ಉಳಿದಿರುತ್ತವೆ. ಅಷ್ಟು ಹೊತ್ತು ತಡೆದುಕೊಂಡ ‘ಹಳೆಯ’ ಪರಮಾಣುಗಳು ಅವು. ಅವನ್ನಷ್ಟೇ ಹೊಸ ಗ್ರಾಫಿನಲ್ಲಿ ಸೊನ್ನೆಯಿಂದ ಎಣಿಸಲು ಶುರು ಮಾಡಿ, ಅವುಗಳ ಅರ್ಧಾಯು ಅಳೆಯಿರಿ. ಮತ್ತೆ ಅದೇ 69ರ ಹತ್ತಿರ ಬರುತ್ತದೆ.